ಓರಿಯೆಂಟೇಶನ್ ಮುಗಿಯುತ್ತಿದೆ, ಧೈರ್ಯ ಬಂದಿಲ್ಲ: ಒಬ್ಬಳೇ ಡ್ಯೂಟಿ ಮಾಡಬಹುದೇ?

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಬರುವ ವಾರ ಓರಿಯೆಂಟೇಶನ್, ಅಂದರೆ ಸೀನಿಯರ್ ಜೊತೆಗಿದ್ದು ಕೆಲಸ ಕಲಿಯುವ ಅವಧಿ, ಮುಗಿದು ನನ್ನ ಹೆಸರು ನೈಟ್ ಡ್ಯೂಟಿಯ ಪಟ್ಟಿಗೆ ಬರುತ್ತದೆ. ಸೀನಿಯರ್ ಸಿಸ್ಟರ್ ಪಕ್ಕದಲ್ಲಿದ್ದರೆ ಎಲ್ಲ ಕೆಲಸವನ್ನೂ ಮಾಡುತ್ತೇನೆ. ಒಬ್ಬಳೇ ಎಂದು ನೆನೆದರೆ ಕೈಕಾಲು ತಣ್ಣಗಾಗುತ್ತವೆ. ಇನ್ನೂ ಸಿದ್ಧಳಾಗಿಲ್ಲ ಎಂದು ಇನ್‌ಚಾರ್ಜ್ ಅವರಿಗೆ ಹೇಳಬೇಕೇ, ಅಥವಾ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಸುಮ್ಮನಿರಬೇಕೇ?

ಉತ್ತರ: ಹೇಳಬೇಕು. ಆದರೆ ಏನನ್ನು ಹೇಳಬೇಕು ಎಂಬುದನ್ನು ಮೊದಲು ನೀವೇ ಬಿಡಿಸಿ ನೋಡಿಕೊಳ್ಳಬೇಕು. ನಿಮ್ಮ ಭಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಒಂದು, ಜೀವಗಳ ಹೊಣೆ ಮೊದಲ ಬಾರಿಗೆ ತನ್ನ ಹೆಗಲಿಗೆ ಬರುತ್ತಿದೆ ಎಂಬ ಅಳುಕು; ಓರಿಯೆಂಟೇಶನ್ನನ್ನು ಇನ್ನೊಂದು ತಿಂಗಳು ಮುಂದುವರಿಸಿದರೂ ಅದು ಹೋಗುವುದಿಲ್ಲ. ಇನ್ನೊಂದು, ಇಂಥ ಕೆಲಸವನ್ನು ನಾನು ಇದುವರೆಗೆ ಕೈಯಾರೆ ಮಾಡಿಲ್ಲ ಎಂಬ ಖಚಿತವಾದ ಅರಿವು. ಅದು ಕಲಿಕೆಯಿಂದ ಹೋಗುತ್ತದೆ, ಮತ್ತು ಅದನ್ನು ಮುಚ್ಚಿಟ್ಟರೆ ರೋಗಿಗೆ ಅಪಾಯವಾಗುತ್ತದೆ.

ಅಳುಕು ಏಕೆ ಬರುತ್ತದೆ ಎಂಬುದಕ್ಕೆ ನಿಮ್ಮ ದೌರ್ಬಲ್ಯ ಕಾರಣವಲ್ಲ. ವಿದ್ಯಾರ್ಥಿನಿಯಾಗಿದ್ದಾಗ ನಿಮಗೆ ಒಬ್ಬರೋ ಇಬ್ಬರೋ ರೋಗಿಗಳನ್ನು ವಹಿಸಿ, ಅವರ ಕೇರ್ ಪ್ಲಾನ್ ಬರೆಸಿ, ತಪ್ಪಿದಲ್ಲಿ ಟ್ಯೂಟರ್ ತಿದ್ದುತ್ತಿದ್ದರು. ಈಗ ಒಂದೇ ಹೊತ್ತಿನಲ್ಲಿ ಆಪರೇಷನ್ ಥಿಯೇಟರಿನಿಂದ ಒಬ್ಬ ರೋಗಿ ಹಿಂತಿರುಗುತ್ತಾರೆ, ಇನ್ನೊಬ್ಬರ ಡ್ರಿಪ್ ನಿಂತಿರುತ್ತದೆ, ಮತ್ತೊಬ್ಬರ ಮನೆಯವರು ಡಿಸ್ಚಾರ್ಜ್ ಕಾಗದಕ್ಕಾಗಿ ಕೌಂಟರಿನ ಮುಂದೆ ನಿಂತಿರುತ್ತಾರೆ. ಇವುಗಳಲ್ಲಿ ಪ್ರತಿಯೊಂದು ಕೆಲಸವೂ ನಿಮಗೆ ಗೊತ್ತು. ಯಾವುದು ಮೊದಲು, ಯಾವುದು ಹತ್ತು ನಿಮಿಷ ಕಾಯಬಲ್ಲದು ಎಂಬ ನಿರ್ಣಯವನ್ನು ಮಾತ್ರ ಯಾವ ಕಾಲೇಜೂ ಪೂರ್ತಿಯಾಗಿ ಕಲಿಸಿ ಕಳಿಸಲಾರದು. ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ ಅವರು 1980ರ ದಶಕದಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಐದು ಹಂತಗಳಾಗಿ ವಿವರಿಸಿದರು. ಅವರ ಪ್ರಕಾರ ಹೊಸದಾಗಿ ಕೆಲಸಕ್ಕೆ ಸೇರಿದವರು ಎರಡನೆಯ ಹಂತದಲ್ಲಿರುತ್ತಾರೆ. ಸಮರ್ಥರೆನಿಸುವ ಮೂರನೆಯ ಹಂತಕ್ಕೆ ಬರಲು ಒಂದೇ ಬಗೆಯ ವಾರ್ಡಿನಲ್ಲಿ ಸುಮಾರು ಎರಡು ಮೂರು ವರ್ಷ ಬೇಕು. ಆದ್ದರಿಂದ ಕೆಲವು ವಾರಗಳ ಓರಿಯೆಂಟೇಶನ್ ಮುಗಿದಾಗ ನಿಮಗೆ ಎಲ್ಲವೂ ಬರುತ್ತದೆ ಎಂದು ಯಾರೂ ಭಾವಿಸಬಾರದು, ನೀವಂತೂ ಭಾವಿಸಲೇಬಾರದು.

ಹಾಗಾದರೆ ಒಬ್ಬಳೇ ನಿಲ್ಲಲು ಬೇಕಾದ ಕನಿಷ್ಠ ಅರ್ಹತೆ ಯಾವುದು? ನನ್ನ ದೃಷ್ಟಿಯಲ್ಲಿ ಅದು ಒಂದೇ: ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಗುರುತಿಸಿ, ಹೊತ್ತು ಮೀರುವ ಮುನ್ನ ಸರಿಯಾದವರನ್ನು ಕರೆಯುವುದು. ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಒಂದೇ ಸಲಕ್ಕೆ ಹಾಕಲು ಬಾರದಿದ್ದರೆ ಪಕ್ಕದ ವಾರ್ಡಿನ ಸಿಸ್ಟರ್ ಬಂದು ಹಾಕಿಕೊಡುತ್ತಾರೆ. ಆದರೆ ಕೆಡುತ್ತಿರುವ ರೋಗಿಯನ್ನು ನೀವು ನೋಡದೆ ಹೋದರೆ ನಿಮ್ಮ ಪರವಾಗಿ ನೋಡುವವರು ಆ ರಾತ್ರಿ ಇರುವುದಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಹೊಟ್ಟೆಯ ಆಪರೇಷನ್ನಾದ ಎರಡನೆಯ ರಾತ್ರಿ ರೋಗಿಯ ನಾಡಿ 112, ಉಸಿರು ನಿಮಿಷಕ್ಕೆ 24, ಮೇಲಿನ ಬಿಪಿ 108, ಜ್ವರ 100 ಡಿಗ್ರಿ ಫ್ಯಾರನ್‌ಹೀಟ್, ಆಕ್ಸಿಜನ್ ಕೊಡದೆಯೇ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 96 ಇದೆ; ಅವರು ಚೆನ್ನಾಗಿ ಮಾತನಾಡುತ್ತಿದ್ದಾರೆ. ಒಂದೊಂದನ್ನೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವ ಸಂಖ್ಯೆಯಲ್ಲ. ಆದರೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರಿಗೆ 2, ನಾಡಿಗೆ 2, ಬಿಪಿಗೆ 1 ಸೇರಿ ಒಟ್ಟು 5 ಅಂಕವಾಗುತ್ತದೆ. 5 ಎಂದರೆ ತುರ್ತಾಗಿ ವೈದ್ಯರು ಬಂದು ನೋಡಬೇಕು, 7 ಎಂದರೆ ಅದು ಎಮರ್ಜೆನ್ಸಿ. ನಮ್ಮ ಅನೇಕ ಆಸ್ಪತ್ರೆಗಳಲ್ಲಿಯೂ ಈ ಬಗೆಯ ಚಾರ್ಟ್ ಇದೆ. ಅದು ಕೆಲಸಕ್ಕೆ ಬರಬೇಕಾದರೆ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಣಿಸದೆ ಎಲ್ಲ ರೋಗಿಗಳಿಗೂ 20 ಎಂದು ಬರೆಯುವ ಅಭ್ಯಾಸವನ್ನು ನೀವು ಕಂಡಿರಬಹುದು. ದಯವಿಟ್ಟು ಅದನ್ನು ಕಲಿಯಬೇಡಿ. ಇದರ ಜೊತೆಗೆ ಯೂರಿನ್ ಬ್ಯಾಗಿನ ಮೇಲೂ ಕಣ್ಣಿರಲಿ: 60 ಕಿಲೋ ತೂಕದ ವ್ಯಕ್ತಿಗೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಬರುತ್ತಿದ್ದರೆ ಅದೂ ಹೇಳಬೇಕಾದ ಸಂಗತಿಯೇ.

ಗುರುತಿಸಿದ ಮೇಲೆ ಫೋನ್ ಮಾಡಬೇಕಲ್ಲ, ಅನೇಕರು ಸೋಲುವುದು ಅಲ್ಲಿಯೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯರು ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರರಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಾ ಅಮೂಲ್ಯವಾದ ಹೊತ್ತನ್ನು ಕಳೆಯುತ್ತಾರೆ. ಕನ್ನಡ ಬಲ್ಲ ವೈದ್ಯರಾದರೆ ಕನ್ನಡದಲ್ಲೇ ಹೇಳಿ. ಬಾರದವರಾದರೆ ಅಂಕಿಗಳನ್ನು ಬರೆದಿಟ್ಟುಕೊಂಡು ಓದಿ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಕ್ರಮವನ್ನು ನಿಮಗೂ ಕಲಿಸಿರುತ್ತಾರೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. "ಸರ್, ಸರ್ಜಿಕಲ್ ವಾರ್ಡಿನಿಂದ ಮಾತನಾಡುತ್ತಿದ್ದೇನೆ. 12ನೇ ಬೆಡ್ಡಿನ ರೋಗಿಯ ಸ್ಕೋರ್ 5 ಆಗಿದೆ, ಸಂಜೆ 1 ಇತ್ತು. ನಿನ್ನೆ ಹೊಟ್ಟೆಯ ಆಪರೇಷನ್ ಆಗಿದೆ. ಇನ್ಫೆಕ್ಷನ್ ಅಥವಾ ಒಳಗೆ ರಕ್ತಸ್ರಾವ ಇರಬಹುದೇ ಎಂದು ಭಯವಾಗುತ್ತಿದೆ. ದಯವಿಟ್ಟು ಈಗಲೇ ಬಂದು ನೋಡಿ." ಈ ಕೊನೆಯ ವಾಕ್ಯವನ್ನು ನುಂಗಿಕೊಳ್ಳಬೇಡಿ. ಬಂದು ನೋಡಿ ಎನ್ನದೆ ಸಂಖ್ಯೆಗಳನ್ನಷ್ಟೇ ಹೇಳಿದರೆ, ನಿದ್ದೆಗಣ್ಣಿನಲ್ಲಿ ಕೇಳುವವರು ಒಂದು ಪ್ಯಾರಾಸಿಟಮಾಲ್ ಹೇಳಿ ಫೋನ್ ಇಡಬಹುದು.

ಇನ್ನು ಎರಡನೆಯ ಸಂಗತಿ, ಅಂದರೆ ನಿಜವಾಗಿಯೂ ಕಲಿಯದೆ ಉಳಿದದ್ದು. ಔಷಧಗಳ ವಿಷಯದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ನಮ್ಮ ದೇಶದಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 25 ಯೂನಿಟ್. ಪೊಟ್ಯಾಶಿಯಂ ಕ್ಲೋರೈಡನ್ನು ದ್ರಾವಣದಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಲ್ಲಬಹುದು. ಇಂಥವುಗಳಲ್ಲಿ, ರಕ್ತ ಕೊಡುವುದರಲ್ಲಿ, ಔಷಧವನ್ನು ನಿಗದಿತ ವೇಗದಲ್ಲಿ ರಕ್ತನಾಳಕ್ಕೆ ಹರಿಸುವ ಇನ್‌ಫ್ಯೂಷನ್ ಪಂಪಿನ ಲೆಕ್ಕದಲ್ಲಿ ನೀವೇ ಮಾಡಿದ್ದು ಯಾವುದು, ನೋಡಿದ್ದಷ್ಟೇ ಯಾವುದು, ನೋಡಿಯೇ ಇಲ್ಲದ್ದು ಯಾವುದು ಎಂದು ಒಂದು ಹಾಳೆಯಲ್ಲಿ ಬರೆಯಿರಿ.

ಆ ಹಾಳೆಯನ್ನು ಹಿಡಿದು ಇನ್‌ಚಾರ್ಜ್ ಸಿಸ್ಟರ್ ಬಳಿಗೆ ಹೋಗಿ. "ನನಗೆ ಭಯವಾಗುತ್ತದೆ, ಮೇಡಂ" ಎಂದರೆ ಅವರು ಬೆನ್ನು ತಟ್ಟಿ ಕಳಿಸುವುದನ್ನು ಬಿಟ್ಟು ಬೇರೇನೂ ಮಾಡಲಾರರು. "ರಕ್ತ ಕೊಡುವುದನ್ನು ಒಮ್ಮೆಯೂ ನಾನೇ ಮಾಡಿಲ್ಲ, ಈ ವಾರ ಎರಡು ಸಲ ನಿಮ್ಮ ಮುಂದೆ ಮಾಡುತ್ತೇನೆ" ಎಂದರೆ ಅವರು ನಾಳೆಯೇ ಅವಕಾಶ ಮಾಡಿಕೊಡಬಹುದು. ಹಾಳೆ ಬಹಳ ಉದ್ದವಾಗಿದ್ದರೆ ಓರಿಯೆಂಟೇಶನ್ ಮುಂದುವರಿಸಬೇಕೆಂದು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಲಿಖಿತವಾಗಿ ಕೇಳಿ, ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಅವಮಾನವೇನೂ ಇಲ್ಲ. ಹಾಳೆ ಉದ್ದವಾಗಲು ಎಷ್ಟೋ ಸಲ ಆಸ್ಪತ್ರೆಯೇ ಕಾರಣ: ಸಿಬ್ಬಂದಿ ಕೊರತೆಯಿಂದಾಗಿ ಕಲಿಯಲು ಬಂದವರನ್ನು ಮೊದಲ ವಾರದಿಂದಲೇ ಲೆಕ್ಕಕ್ಕೆ ಸೇರಿಸಿ ರೋಗಿಗಳನ್ನು ಹಂಚಿಬಿಡುತ್ತಾರೆ. ಹೆಸರಿಗೆ ಅದು ಓರಿಯೆಂಟೇಶನ್, ನಿಜದಲ್ಲಿ ಅರ್ಧ ಕಲಿತವರಿಂದ ಪೂರ್ಣ ಕೆಲಸ ಮಾಡಿಸಿಕೊಳ್ಳುವುದು. ನಾನು ಇದನ್ನು ಅನ್ಯಾಯವೆಂದೇ ಹೇಳುತ್ತೇನೆ. ಇದು ನಿಮಗೂ ಅನ್ಯಾಯ, ರೋಗಿಗೂ ಅನ್ಯಾಯ.

ಮೊದಲ ನೈಟ್ ಡ್ಯೂಟಿಗೆ ಅರ್ಧ ಗಂಟೆ ಮುಂಚೆ ಹೋಗಿ. ಹ್ಯಾಂಡೋವರನ್ನು (ಹಿಂದಿನ ಶಿಫ್ಟಿನವರು ರೋಗಿಗಳ ವಿವರ ಒಪ್ಪಿಸುವುದನ್ನು) ಕೌಂಟರಿನಲ್ಲಿ ಕೇಳಿ ಮುಗಿಸದೆ ಪ್ರತಿ ಬೆಡ್ಡಿನ ಬಳಿ ನಿಂತು ಪಡೆಯಿರಿ. ಡ್ರೈನ್ (ಗಾಯದೊಳಗಿನ ದ್ರವವನ್ನು ಹೊರತರುವ ಕೊಳವೆ), ಡ್ರೆಸ್ಸಿಂಗ್, ಡ್ರಿಪ್‌ಗಳನ್ನು ಹಿಂದಿನ ಶಿಫ್ಟಿನವರು ಇರುವಾಗಲೇ ಕಣ್ಣಾರೆ ನೋಡಿ. ಕ್ರ್ಯಾಶ್ ಕಾರ್ಟ್ (ತುರ್ತು ಔಷಧ, ಸಲಕರಣೆಗಳ ಗಾಡಿ) ಎಲ್ಲಿದೆ, ಆಕ್ಸಿಜನ್ ಸಿಲಿಂಡರಿನಲ್ಲಿ ಒತ್ತಡ ಎಷ್ಟಿದೆ, ಡ್ಯೂಟಿ ಡಾಕ್ಟರ್ ಮತ್ತು ನೈಟ್ ಸೂಪರ್‌ವೈಸರ್ ಅವರ ನಂಬರ್ ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಆ ಬಳಿಕ ನೈಟ್ ಸೂಪರ್‌ವೈಸರ್ ಅವರಿಗೆ ಫೋನ್ ಮಾಡಿ, ಇದು ನಿಮ್ಮ ಮೊದಲ ರಾತ್ರಿ ಎಂದೂ, ನಡುರಾತ್ರಿಯಲ್ಲಿ ಒಮ್ಮೆ ನಿಮ್ಮ ವಾರ್ಡಿಗೆ ಬಂದು ಹೋಗಬೇಕೆಂದೂ ಕೇಳಿಕೊಳ್ಳಿ.