ಬ್ರಾಂದಿ ಸೌರ್: ಮೊದಲು ನಿಂಬೆಹಣ್ಣಿನ ರುಚಿ ನೋಡಿ

ಬಾರ್ ಕೌಂಟರಿನ ಹಿಂದೆ ನಿಲ್ಲುವ ನನಗೆ ಆಗಾಗ ಬರುವ ಪ್ರಶ್ನೆ ಇದು. "ಅಣ್ಣಾ, ಇಲ್ಲಿ ಬ್ರಾಂದಿ ಸೌರ್ ಇಷ್ಟು ಚೆನ್ನಾಗಿರುತ್ತೆ. ಮನೇಲಿ ಅದೇ ಬ್ರಾಂದಿ, ಅದೇ ನಿಂಬೆಹಣ್ಣು ಹಾಕಿದ್ರೂ ಯಾಕೆ ಕಷಾಯದ ಥರ ಆಗುತ್ತೆ?" ನಾನು ತಿರುಗಿ ಎರಡೇ ಕೇಳುತ್ತೇನೆ. ನಿಂಬೆ ಯಾವಾಗ ಹಿಂಡಿದ್ದು? ಐಸ್ ಎಲ್ಲಿತ್ತು? ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲೇ ಸಿಗುತ್ತದೆ, ಬ್ರಾಂದಿವರೆಗೆ ಹೋಗುವುದೇ ಬೇಡ.

ನಿಂಬೆ ಪಾನಕ ಹದವಾಗಿ ಮಾಡಲು ಬರುವವರಿಗೆ ಬ್ರಾಂದಿ ಸೌರ್ ಮುಕ್ಕಾಲು ಪಾಲು ಬಂದ ಹಾಗೆಯೇ. ಹುಳಿ, ಸಿಹಿ, ಮದ್ಯ, ಇಷ್ಟೇ ಇದರ ಲೆಕ್ಕ. 1862ರಲ್ಲಿ ಅಮೆರಿಕದ ಜೆರ್ರಿ ಥಾಮಸ್ ಅಚ್ಚು ಹಾಕಿಸಿದ ಬಾರ್ ಪುಸ್ತಕದಲ್ಲೇ ಸೌರ್‌ಗಳು ಇವೆ. ವಿಸ್ಕಿ ಸೌರ್, ಪೆರು ದೇಶದ ಪಿಸ್ಕೊ ಸೌರ್ ಎಲ್ಲ ಒಂದೇ ಮನೆಯವು. ಪಿಸ್ಕೊ ಕೂಡ ದ್ರಾಕ್ಷಿಯದೇ ಮದ್ಯ, ಮರದ ಪೀಪಾಯಿಯಲ್ಲಿ ಇಡುವುದಿಲ್ಲ ಅಷ್ಟೆ.

ಬ್ರಾಂದಿ ಕೊಳ್ಳುವಾಗ ಲೇಬಲ್ ಓದಿ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡಿಮೆ ಬೆಲೆಯ ಬ್ರಾಂದಿಯಲ್ಲಿ ಹೆಚ್ಚಿನ ಪಾಲು ದ್ರಾಕ್ಷಿಯದ್ದಲ್ಲ. ಕಾಕಂಬಿಯಿಂದ ತೆಗೆದ ಸ್ಪಿರಿಟ್‌ಗೆ ಸ್ವಲ್ಪ ದ್ರಾಕ್ಷಿ ಬ್ರಾಂದಿ, ಬಣ್ಣಕ್ಕೆ ಕ್ಯಾರಮೆಲ್, ಘಮಕ್ಕೆ ಫ್ಲೇವರ್ ಸೇರಿಸಿರುತ್ತಾರೆ. ಅದರಲ್ಲೂ ಸೌರ್ ಆಗುತ್ತದೆ, ಆದರೆ ವೆನಿಲಾ ಮುಂದೆ ಬಂದು ದ್ರಾಕ್ಷಿಯ ಘಮ ಹಿಂದೆ ಸರಿಯುತ್ತದೆ. ಗ್ರೇಪ್ ಬ್ರಾಂದಿ ಅಂತ ಬರೆದದ್ದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತನ್ನಿ. ಯಾರಾದರೂ ವಿದೇಶದಿಂದ ಕೊನ್ಯಾಕ್, ಅಂದರೆ ಫ್ರಾನ್ಸಿನ ದ್ರಾಕ್ಷಿ ಬ್ರಾಂದಿ, ತಂದುಕೊಟ್ಟಿದ್ದರೆ ವಿ.ಎಸ್. ಅನ್ನುವ ಎಳೆಯ ದರ್ಜೆಯದ್ದು ಸಾಕು. ವರ್ಷಗಟ್ಟಲೆ ಪೀಪಾಯಿಯಲ್ಲಿ ಮಾಗಿದ ಎಕ್ಸ್.ಒ. ಬಾಟಲಿಗೆ ನಿಂಬೆ ಹಿಂಡಬೇಡಿ, ಅದನ್ನು ಹಾಗೇ ನಿಧಾನವಾಗಿ ಕುಡಿಯಿರಿ.

ಈಗ ನಿಂಬೆ. ಯೂಟ್ಯೂಬ್ ನೋಡಿ ಮಾಡುವವರು ಎಡವುವುದು ಇಲ್ಲೇ. ಅಲ್ಲಿ ಹೇಳುವ ಲೆಮನ್ ದೊಡ್ಡದು, ಹಳದಿ, ದಪ್ಪ ಸಿಪ್ಪೆಯದ್ದು. ನಮ್ಮ ಮಾರುಕಟ್ಟೆಯ ನಿಂಬೆ ಬೇರೆ ಜಾತಿ, ಅವರು ಲೈಮ್ ಅನ್ನುತ್ತಾರಲ್ಲ, ಆ ಕಡೆಯದ್ದು. ನಾಲಿಗೆಗೆ ಚುರುಕು ಜಾಸ್ತಿ. ಅವರು 25, 30 ಮಿ.ಲೀ. ಹಾಕುವ ಜಾಗದಲ್ಲಿ ನಮ್ಮದು 20 ಸಾಕು. ವಿಜಯಪುರ ಕಡೆಯ ಇಂಡಿ ನಿಂಬೆ ಸಿಕ್ಕರೆ ಬಿಡಬೇಡಿ, ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು ಪಡೆದ ಹಣ್ಣು ಅದು. ತೆಳು ಸಿಪ್ಪೆಯದ್ದು ಆರಿಸಿ, ಫ್ರಿಜ್ಜಿನಿಂದ ತೆಗೆದಿದ್ದರೆ ಸ್ವಲ್ಪ ಹೊತ್ತು ಹೊರಗಿಟ್ಟು, ಅಂಗೈಯಲ್ಲಿ ಒತ್ತಿ ಉರುಳಿಸಿ, ಆಮೇಲೆ ಕತ್ತರಿಸಿ. ಕೊನೆಯ ಹನಿವರೆಗೂ ಹಿಂಡುವ ಚಟ ಬಿಡಿ. ಸಿಪ್ಪೆ ನಜ್ಜುಗುಜ್ಜಾದರೆ ಕಹಿ ರಸಕ್ಕೆ ಇಳಿಯುತ್ತದೆ. ಬೆಳಗ್ಗೆ ಹಿಂಡಿಟ್ಟ ರಸ ಸಂಜೆಗೆ ಬೇಡವೇ ಬೇಡ, ಬಾಟಲಿಯಲ್ಲಿ ಬರುವ ರಸ ಇನ್ನೂ ಬೇಡ.

ಸಕ್ಕರೆ ನೇರವಾಗಿ ಹಾಕಿದರೆ ತಣ್ಣಗಿನ ಮದ್ಯದಲ್ಲಿ ಕರಗದೆ ತಳದಲ್ಲಿ ಕೂರುತ್ತದೆ. 100 ಗ್ರಾಂ ಸಕ್ಕರೆಗೆ 100 ಮಿ.ಲೀ. ಬಿಸಿನೀರು ಹಾಕಿ ಕದಡಿ, ಆರಿಸಿ. ಎಳೆ ಪಾಕ ಬರುವವರೆಗೆ ಕಾಯಿಸಬೇಡಿ. ಬೆಲ್ಲ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು, ಆದರೆ ಬೆಲ್ಲದ ರುಚಿಯೇ ಮುಂದೆ ನಿಲ್ಲುತ್ತದೆ. ನನಗೆ ಇಷ್ಟವಿಲ್ಲ.

ಮೊದಲು 20 ಮಿ.ಲೀ. ನಿಂಬೆರಸ, 20 ಮಿ.ಲೀ. ಸಕ್ಕರೆ ನೀರು ಬೆರೆಸಿ, ಚಮಚದಿಂದ ಒಂದು ಹನಿ ನಾಲಿಗೆಗೆ ಬಿಡಿ. ಹುಳಿ ಮುಂದೆ ಬಂದು, ಅದರ ಬೆನ್ನಿಗೇ ಸಿಹಿ ಬರಬೇಕು. ಹುಳಿಗೆ ಕಣ್ಣು ಮುಚ್ಚಿದರೆ ಇನ್ನೊಂದು ಚಮಚ ಸಕ್ಕರೆ ನೀರು. ಬ್ರಾಂದಿಯೇ ಸಿಹಿ ಇದ್ದರೆ ಆ ಚಮಚ ಬೇಡ. ಹದ ಸರಿ ಬಂದ ಮೇಲಷ್ಟೇ 60 ಮಿ.ಲೀ. ಬ್ರಾಂದಿ, ಅಂದರೆ ಒಂದು ಲಾರ್ಜ್ ಪೆಗ್. ದುಬಾರಿ ಸಾಮಾನು ಕೊನೆಗೆ ಹಾಕುವುದು ನಮ್ಮ ಕಸುಬಿನ ರೂಢಿ. ಪಾನಕ ಕೆಟ್ಟರೆ ಚೆಲ್ಲಬಹುದು, ಬ್ರಾಂದಿ ಬೆರೆತ ಮೇಲೆ ಚೆಲ್ಲಲು ಮನಸ್ಸು ಬರುವುದಿಲ್ಲ ಅಲ್ವಾ.

ಮೊಟ್ಟೆಯ ಬಿಳಿ ಬೇಕೇಬೇಕು ಅಂತಿಲ್ಲ, ಆದರೆ ಹಾಕಿದರೆ ಹುಳಿಯ ಅಂಚು ಮೆತ್ತಗಾಗಿ ಮೇಲೆ ದಟ್ಟ ನೊರೆ ನಿಲ್ಲುತ್ತದೆ. ಒಂದು ಲೋಟಕ್ಕೆ ಅರ್ಧ ಮೊಟ್ಟೆಯ ಬಿಳಿ ಸಾಕು. ತಾಜಾ ಮೊಟ್ಟೆ ಇರಲಿ. ಹಸಿ ಮೊಟ್ಟೆಯಿಂದ ಸೋಂಕು ತಗಲುವ ಸಾಧ್ಯತೆ ಇರುವುದರಿಂದ ವಯಸ್ಸಾದವರಿಗೆ, ಕಾಯಿಲೆಯಿಂದ ನಿತ್ರಾಣವಾದವರಿಗೆ ಬೇಡ. ಮೊಟ್ಟೆ ತಿನ್ನದವರು ಕಾಬೂಲ್ ಕಡಲೆ ಬೇಯಿಸಿದ ಕಟ್ಟು ಒಂದು ದೊಡ್ಡ ಚಮಚ ಹಾಕಿ. ಉಪ್ಪು ಹಾಕದೆ ಬೇಯಿಸಿದ್ದು, ಸ್ವಲ್ಪ ಮಂದ ಇರುವುದು. ನೊರೆ ಮೊಟ್ಟೆಯಷ್ಟೇ ಚೆನ್ನಾಗಿ ಬರುತ್ತದೆ, ಕಡಲೆ ವಾಸನೆ ನಿಂಬೆಯಲ್ಲಿ ಅಡಗಿಹೋಗುತ್ತದೆ.

ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ, ಅಗಲ ಬಾಯಿಯ ಸ್ಟೀಲ್ ಬಾಟಲಿ ಸಾಕು. ಉಪ್ಪಿನಕಾಯಿ ಹಾಕಿದ್ದ ಜಾಡಿ ಮಾತ್ರ ಬೇಡ. ಮೊದಲು ಐಸ್ ಹಾಕದೆ 15 ಸೆಕೆಂಡು ಕುಲುಕಿ, ನೊರೆ ಏಳಲಿ. ಒಳಗೆ ಒತ್ತಡ ಹುಟ್ಟುತ್ತದೆ, ಮುಚ್ಚಳದ ಮೇಲೆ ಕೈ ಭದ್ರ ಇರಲಿ. ಆಮೇಲೆ ಬಾಟಲಿ ತುಂಬ ಐಸ್ ಹಾಕಿ ಮತ್ತೆ 15 ಸೆಕೆಂಡು, ಜೋರಾಗಿ. ಎರಡು ತುಂಡು ಐಸ್ ಹಾಕಿದರೆ ಜಾಸ್ತಿ ನೀರಾಗುವುದಿಲ್ಲ ಅಂದುಕೊಳ್ಳುತ್ತಾರೆ, ಆಗುವುದು ಉಲ್ಟಾ. ಕಡಿಮೆ ಐಸ್ ಬೇಗ ಕರಗಿ ನೀರಾಗುತ್ತದೆ, ಪಾನೀಯ ಮಾತ್ರ ತಣ್ಣಗಾಗಿರುವುದಿಲ್ಲ. ಚೆನ್ನಾಗಿ ಕುಲುಕಿದಾಗ 100 ಮಿ.ಲೀ.ಗೆ ಸುಮಾರು 40ರಿಂದ 50 ಮಿ.ಲೀ. ನೀರು ಸೇರುತ್ತದೆ, ಅದು ಬೇಕು. ಆ ನೀರಿಲ್ಲದಿದ್ದರೆ ಬ್ರಾಂದಿ ಗಂಟಲು ಸುಡುತ್ತದೆ. ಗಡಿಯಾರ ನೋಡುವ ಬದಲು ಕೈ ಹೇಳುವುದನ್ನು ಕೇಳಿ. ಸ್ಟೀಲಿನ ಮೇಲೆ ಮಂಜು ಕಟ್ಟುತ್ತದೆ, ಬೆರಳ ತುದಿ ಕಚ್ಚಲು ಶುರುವಾಗುತ್ತದೆ, ಒಳಗೆ ಠಣ ಠಣ ಅನ್ನುತ್ತಿದ್ದ ಸದ್ದು ಮೆತ್ತಗಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಒಮ್ಮೆ ಸ್ನೇಹಿತರ ಮನೆಯಲ್ಲಿ ಎಲ್ಲ ಸರಿ ಮಾಡಿದ್ದೆ. ಒಳ್ಳೆಯ ಬ್ರಾಂದಿ, ಆಗಷ್ಟೇ ಹಿಂಡಿದ ನಿಂಬೆ. ಬಾಯಿಗಿಟ್ಟರೆ ಮೀನಿನ ವಾಸನೆ. ಫ್ರೀಜರಿನಲ್ಲಿ ಐಸ್ ಟ್ರೇ ಬಾಯಿ ತೆರೆದುಕೊಂಡಿತ್ತು, ಪಕ್ಕದಲ್ಲೇ ಬಂಗುಡೆ. ಅಂದಿನಿಂದ ಹೇಳುತ್ತಲೇ ಇದ್ದೇನೆ: ಐಸ್ ಅನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಕಟ್ಟಿಸಿ. ಮಲ್ಲಿಗೆ ಹೂವು, ಕೊತ್ತಂಬರಿ ಸೊಪ್ಪು, ದೋಸೆ ಹಿಟ್ಟು, ನಮ್ಮ ಮನೆಗಳ ಫ್ರಿಜ್ಜಿನಲ್ಲಿ ಇರುವುದೆಲ್ಲ ಐಸಿಗೆ ಹತ್ತುತ್ತದೆ.

ಮೊದಲೇ ತಣ್ಣಗೆ ಮಾಡಿಟ್ಟ ಸಣ್ಣ ಲೋಟಕ್ಕೆ ಟೀ ಸೋಸುವ ಜಾಲರಿಯಲ್ಲಿ ಸೋಸಿ. ನೊರೆಯ ಮೇಲೆ ಅಂಗೊಸ್ಟುರಾ ಬಿಟರ್ಸ್, ಅಂದರೆ ಮಸಾಲೆ ಘಮದ ಕಹಿ ಸಾರ, ಎರಡು ಮೂರು ಹನಿ. ಮೊಟ್ಟೆಯ ಹಸಿ ವಾಸನೆ ಮೂಗಿಗೆ ಬರುವ ಮುಂಚೆ ಇದರ ಘಮ ಬರಲಿ ಅಂತ. ಸಿಗದಿದ್ದರೆ ಜಾಯಿಕಾಯಿ ಒಂದೇ ಒಂದು ಉಜ್ಜು. ಖಾರದ ಕಬಾಬ್ ಜೊತೆ ಈ ಹುಳಿ ಬಾಯಿ ಉರಿಸುತ್ತದೆ, ಬದಲಿಗೆ ಹುರಿದ ಕಡಲೆಬೀಜ ಇಟ್ಟುಕೊಳ್ಳಿ. ಸಿಹಿ ಹುಳಿಯ ನಡುವೆ ಮದ್ಯದ ಖಾರ ಗೊತ್ತೇ ಆಗುವುದಿಲ್ಲ. ನಮ್ಮ ಬ್ರಾಂದಿ ಸಾಮಾನ್ಯವಾಗಿ 42.8 ಪರ್ಸೆಂಟ್, ಒಂದು ಲೋಟದಲ್ಲಿ ಪೂರ್ತಿ ಲಾರ್ಜ್ ಇದೆ. ಹಾಗಾಗಿ ಅಳತೆ ಕಪ್ ಇಲ್ಲದೆ ಸುಮ್ನೆ ಅಂದಾಜಿಗೆ ಸುರಿಯಬೇಡಿ, ಕುಡಿದ ಮೇಲೆ ಗಾಡಿ ಕೀ ಮುಟ್ಟಲೇಬೇಡಿ.

ಮೊಟ್ಟೆ, ಕುಲುಕಾಟ ಯಾವುದೂ ಬೇಡ ಅನ್ನುವವರಿಗೆ ಸೈಪ್ರಸ್ ದ್ವೀಪದ ಬ್ರಾಂದಿ ಸೌರ್ ಇದೆ. ಪ್ಲಾಟ್ರೆಸ್ ಅನ್ನುವ ಬೆಟ್ಟದೂರಿನ ಫಾರೆಸ್ಟ್ ಪಾರ್ಕ್ ಹೋಟೆಲಿನಲ್ಲಿ, ಈಜಿಪ್ಟಿನ ದೊರೆ ಫಾರೂಕ್‌ಗಾಗಿ, ಮದ್ಯ ಅಂತ ಗೊತ್ತಾಗದೆ ನೋಡಲು ಐಸ್ ಟೀ ಥರ ಇರಲಿ ಅಂತ ಇದನ್ನು ಮಾಡಿಕೊಟ್ಟರು ಎಂದು ಅಲ್ಲಿನವರು ಹೇಳುತ್ತಾರೆ. ಉದ್ದ ಲೋಟ, ತುಂಬ ಐಸ್, 60 ಮಿ.ಲೀ. ಬ್ರಾಂದಿ, 30 ಮಿ.ಲೀ. ಲೆಮನ್ ಸ್ಕ್ವಾಷ್, ಎರಡು ಹನಿ ಬಿಟರ್ಸ್, ಮೇಲೆ ಸೋಡಾ. ಚಮಚದಿಂದ ಒಂದು ಸುತ್ತು ತಿರುಗಿಸಿ. ಸ್ಕ್ವಾಷ್ ನಮ್ಮಲ್ಲಿ ಸಿಹಿ ಜಾಸ್ತಿ, ಅದಕ್ಕೆ ನಾನು ಅರ್ಧ ಹೋಳು ನಿಂಬೆ ಹಿಂಡಿ, ಆ ಹೋಳನ್ನೂ ಲೋಟಕ್ಕೇ ಹಾಕಿಬಿಡುತ್ತೇನೆ.