ಕಗೆಕಿದನ್: ರಂಗವನ್ನೂ ರಣವನ್ನೂ ಹೊತ್ತ ಒಂದು ಪದ

ಜಪಾನೀ ಭಾಷೆಯಲ್ಲಿ ‘ಕಗೆಕಿದನ್’ ಎಂದು ಯಾರಾದರೂ ಉಚ್ಚರಿಸಿದರೆ ಕೇಳುವವರ ಮನಸ್ಸಿಗೆ ಮೊದಲು ಬರುವುದು ಗೀತನಾಟಕ ಮಂಡಳಿ. ಈ ಪದವನ್ನು ಮೂರು ಚಿತ್ರಾಕ್ಷರಗಳಲ್ಲಿ ಬರೆಯುತ್ತಾರೆ: ‘ಕ’ ಎಂದರೆ ಹಾಡು, ‘ಗೆಕಿ’ ಎಂದರೆ ನಾಟಕ, ‘ದನ್’ ಎಂದರೆ ತಂಡ. 1996ರ ಸೆಪ್ಟೆಂಬರ್ 27ರಂದು ಸೆಗಾ ಸ್ಯಾಟರ್ನ್ ಯಂತ್ರಕ್ಕಾಗಿ ಬಿಡುಗಡೆಯಾದ ‘ಸಕುರಾ ತೈಸೆನ್’ ಎಂಬ ವಿಡಿಯೋ ಗೇಮ್ ಇದೇ ಪದವನ್ನು ಎತ್ತಿಕೊಂಡು, ಉಚ್ಚಾರಣೆಯನ್ನು ಕೂದಲೆಳೆಯಷ್ಟೂ ಕದಲಿಸದೆ, ಮೊದಲ ಎರಡು ಅಕ್ಷರಗಳನ್ನು ಮಾತ್ರ ಬದಲಿಸಿತು. ಹಾಡಿನ ‘ಕ’ ಇದ್ದ ಕಡೆ ಹೂವು, ವೈಭವ ಎಂಬ ಅರ್ಥದ ‘ಕ’ ಬಂದಿತು. ನಾಟಕದ ‘ಗೆಕಿ’ ಇದ್ದ ಕಡೆ ಹೊಡೆತ, ದಾಳಿ ಎಂಬ ಅರ್ಥದ ‘ಗೆಕಿ’ ಬಂದಿತು. ಕಿವಿಗೆ ಅದು ಹಾಡಿ ಕುಣಿಯುವ ಮಂಡಳಿಯಾಗಿಯೇ ಉಳಿಯಿತು, ಕಣ್ಣಿಗೆ ಹೂವಿನಂಥವರ ದಾಳಿಪಡೆಯಾಗಿ ಕಂಡಿತು.

ನಮ್ಮ ಅಲಂಕಾರಶಾಸ್ತ್ರ ಇಂಥದನ್ನು ಶ್ಲೇಷೆ ಎಂದು ಕರೆಯುತ್ತದೆ. ಆದರೆ ಕನ್ನಡದ ಶ್ಲೇಷೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನುಡಿದಂತೆ ಬರೆಯುವ ನಮ್ಮ ಲಿಪಿಯಲ್ಲಿ ಎರಡು ಅರ್ಥಗಳೂ ಒಂದೇ ಬರವಣಿಗೆಯೊಳಗೆ ಅಡಗಿರುತ್ತವೆ, ಓದುಗನು ಅವನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಜಪಾನಿನಲ್ಲಿ ಅರ್ಥಗಳು ಬರವಣಿಗೆಯಲ್ಲಿ ಬೇರೆಯಾಗಿದ್ದು ಉಲಿಯಲ್ಲಿ ಒಂದಾಗುತ್ತವೆ. ಆದ್ದರಿಂದ ‘ಸಕುರಾ ತೈಸೆನ್’ ಆಧರಿಸಿದ ಅನಿಮೆಗಳನ್ನು, ಅಂದರೆ ಜಪಾನೀ ಅನಿಮೇಷನ್ ಚಿತ್ರ-ಸರಣಿಗಳನ್ನು, ಬೇರೆ ಭಾಷೆಯ ಉಪಶೀರ್ಷಿಕೆಯ ನೆರವಿನಿಂದ ನೋಡುವವರಿಗೆ ಈ ಪದದ ಅರ್ಧ ಭಾಗ ಕೈಗೆ ಸಿಗದೆ ಹೋಗುತ್ತದೆ. ಇಡೀ ಕಥೆಯ ಬೀಜ ಇರುವುದು ಆ ಅರ್ಧದಲ್ಲೇ ಎಂಬ ಕಾರಣಕ್ಕೆ ಅದನ್ನು ಬಿಡಿಸಿ ಹೇಳುವುದು ಅಗತ್ಯವೆನಿಸುತ್ತದೆ.

ಕಥೆ ನಡೆಯುವುದು ತೈಶೋ 12ರಲ್ಲಿ, ಅಂದರೆ 1923ರಲ್ಲಿ, ಟೋಕಿಯೋ ನಗರದಲ್ಲಿ. ಗಿಂಝಾ ಬಡಾವಣೆಯಲ್ಲಿ ಒಂದು ಭವ್ಯ ರಂಗಮಂದಿರವಿದೆ. ಅಲ್ಲಿ ನಟಿಸುವ ಯುವತಿಯರ ತಂಡದ ಹೆಸರು ‘ಹನಗುಮಿ’, ಹೂವಿನ ತಂಡ. ನಗರದ ಮೇಲೆ ಪಿಶಾಚಿ ಶಕ್ತಿಗಳ ದಾಳಿಯಾದಾಗ ಇದೇ ನಟಿಯರು ರಂಗಮಂದಿರದ ನೆಲಮಾಳಿಗೆಗೆ ಇಳಿದು, ಉಗಿಯಿಂದ ಚಲಿಸುವ ಯಂತ್ರಗಳನ್ನು ಏರಿ ಯುದ್ಧಕ್ಕೆ ಹೊರಡುತ್ತಾರೆ. ಸೆಂಡೈ ಕಡೆಯಿಂದ ಬಂದ ಕತ್ತಿವರಸೆಯ ಹುಡುಗಿ ಶಿಂಗೂಜಿ ಸಕುರಾ ಈ ಕಥೆಯ ನಾಯಕಿ. ಸಿರಿವಂತ ಉದ್ಯಮಿ ಮನೆತನದ ಸುಮಿರೆ, ರಷ್ಯಾದ ಹಿನ್ನೆಲೆಯ ಮರಿಯಾ, ಫ್ರಾನ್ಸಿನ ಪುಟ್ಟ ಬಾಲಕಿ ಐರಿಸ್, ಚೀನಾದಿಂದ ಬಂದು ಯಂತ್ರಗಳನ್ನು ಬಿಚ್ಚಿ ಜೋಡಿಸುವ ಕೋರನ್, ಒಕಿನಾವಾದ ಕರಾಟೆ ಪಟು ಕನ್ನಾ ಅವಳ ಜೊತೆಗಾತಿಯರು. ಇವರ ದಳಪತಿಯಾಗಿ ಬರುವ ನೌಕಾಪಡೆಯ ತರುಣ ಅಧಿಕಾರಿ ಓಗಮಿ ಇಚಿರೋಗೆ ಮೊದಲು ಸಿಗುವ ಕೆಲಸ ಬಾಗಿಲಲ್ಲಿ ನಿಂತು ಪ್ರೇಕ್ಷಕರ ಟಿಕೆಟು ಹರಿಯುವುದು. ಈ ಗೇಮಿನಿಂದ 1997ರಲ್ಲಿ ವಿಡಿಯೋ ಸರಣಿ, 2000ದಲ್ಲಿ ಮ್ಯಾಡ್‌ಹೌಸ್ ಸಂಸ್ಥೆ ತಯಾರಿಸಿದ 25 ಕಂತುಗಳ ದೂರದರ್ಶನ ಸರಣಿ, 2001ರ ಡಿಸೆಂಬರಿನಲ್ಲಿ ಪ್ರೊಡಕ್ಷನ್ ಐ.ಜಿ. ತಯಾರಿಸಿದ ಚಲನಚಿತ್ರ ಹುಟ್ಟಿಕೊಂಡವು.

ನಟಿಯರೇ ಯೋಧರು ಎಂಬ ಕಲ್ಪನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಕಬುಕಿ ರಂಗಕಲೆಯನ್ನು ಹದಿನೇಳನೆಯ ಶತಮಾನದ ಆರಂಭದಲ್ಲಿ ಕ್ಯೋಟೋದಲ್ಲಿ ಆರಂಭಿಸಿದವಳು ಓಕುನಿ ಎಂಬ ಹೆಣ್ಣುಮಗಳಾದರೂ, 1629ರಲ್ಲಿ ಶೋಗನ್ ಎಂಬ ಸೇನಾಧಿಪತಿಯ ಆಡಳಿತ ಹೆಂಗಸರು ರಂಗವೇರುವುದನ್ನು ನಿಷೇಧಿಸಿತು. ಆಮೇಲೆ ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಬುಕಿಯ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡಿದರು. 1908ರಲ್ಲಿ ಕವಕಾಮಿ ಸದಯಕ್ಕೊ ಎಂಬ ಕಲಾವಿದೆ ಟೋಕಿಯೋದಲ್ಲಿ ನಟಿಯರ ತರಬೇತಿ ಶಾಲೆ ತೆರೆದರು. 1911ರಲ್ಲಿ ಪಾಶ್ಚಾತ್ಯ ಶೈಲಿಯ ಸಾಮ್ರಾಜ್ಯ ರಂಗಮಂದಿರ ಮರುನೊಉಚಿಯಲ್ಲಿ ಬಾಗಿಲು ತೆರೆದಾಗ ತರಬೇತಿ ಪಡೆದ ನಟಿಯರು ಸಿದ್ಧರಾಗಿದ್ದರು. ಕಥೆಯ ಗಿಂಝಾ ರಂಗಮಂದಿರದ ಹೆಸರು ‘ಮಹಾ ಸಾಮ್ರಾಜ್ಯ ರಂಗಮಂದಿರ’. ಮೂಲ ಯಾವುದು ಎಂಬುದನ್ನು ಆ ಹೆಸರು ಬಚ್ಚಿಡುವುದಿಲ್ಲ.

ಇದಕ್ಕಿಂತ ಹತ್ತಿರದ ಮೂಲವೆಂದರೆ ತಕರಜುಕಾ ಎಂಬ ಹೆಣ್ಣುಮಕ್ಕಳ ರಂಗಮಂಡಳಿ. ರೈಲು ಉದ್ಯಮಿ ಕೊಬಯಾಶಿ ಇಚಿಝೋ ತಮ್ಮ ರೈಲುಮಾರ್ಗದ ಕೊನೆಯಲ್ಲಿದ್ದ ಬಿಸಿನೀರಿನ ಬುಗ್ಗೆಗಳ ಊರಿಗೆ ಪ್ರಯಾಣಿಕರನ್ನು ಸೆಳೆಯಲು 1913ರಲ್ಲಿ ಹುಡುಗಿಯರದೇ ಒಂದು ಗಾಯನ ತಂಡ ಕಟ್ಟಿದರು. 1914ರಲ್ಲಿ ಅವರ ಮೊದಲ ಪ್ರದರ್ಶನ ನಡೆದ ಜಾಗ ಅದಕ್ಕೂ ಮೊದಲು ಒಳಾಂಗಣ ಈಜುಕೊಳವಾಗಿತ್ತು; ಕೊಳದ ಮೇಲೆ ಹಲಗೆ ಹಾಸಿ ಆಸನಗಳನ್ನು ಜೋಡಿಸಿದ್ದರು. 1919ರಲ್ಲಿ ಆ ತಂಡಕ್ಕೆ ಬಂದ ಹೆಸರಿನ ಕೊನೆಯ ಪದವೇ ‘ಕಗೆಕಿದನ್’. 1921ರಲ್ಲಿ ತಂಡ ಎರಡಾಯಿತು, ಒಂದಕ್ಕೆ ಹೂವಿನ ಹೆಸರು, ಇನ್ನೊಂದಕ್ಕೆ ಚಂದ್ರನ ಹೆಸರು. ಗಂಡಿನ ಪಾತ್ರವನ್ನೂ ಹೆಣ್ಣೇ ಮಾಡುವ ಈ ಮಂಡಳಿಯ ಹೂವಿನ ತಂಡವನ್ನು ಇಂದಿಗೂ ‘ಹನಗುಮಿ’ ಎಂದೇ ಕರೆಯುತ್ತಾರೆ. ಹೀಗಾಗಿ ಗೇಮಿನಲ್ಲಿ ಹನಗುಮಿ, ಕಗೆಕಿದನ್ ಎಂಬ ಹೆಸರುಗಳನ್ನು ಕಂಡ ಜಪಾನೀಯರಿಗೆ ಪಾದರಕ್ಷೆಯ ತಾಳದಿಂದ ಹಿಡಿದು ಗರಿಗಳ ಉಡುಪಿನವರೆಗೆ ಒಂದು ಇಡೀ ರಂಗಪರಂಪರೆ ನೆನಪಾಗಿರಬೇಕು. ಆ ನೆನಪಿನ ನಡುವೆಯೇ ‘ದಾಳಿ’ ಎಂಬ ಅಕ್ಷರ ಕಣ್ಣಿಗೆ ಬಿದ್ದಿರಬೇಕು.

ಯಂತ್ರಗಳ ಹೆಸರಿಗೂ ಇದೇ ಬಗೆಯ ಗಮನ ಸಲ್ಲಬೇಕು. ಅವುಗಳಿಗೆ ‘ಕೋಬು’ ಎಂದು ಹೆಸರು, ಬೆಳಕು ಮತ್ತು ಶೌರ್ಯ ಎಂಬ ಎರಡು ಅಕ್ಷರಗಳ ಜೋಡಿ. ಅವುಗಳ ಜಾತಿಯನ್ನು ಸೂಚಿಸುವ ಪದ ‘ರೇಶಿ ಕಚ್ಚೂ’, ಅಂದರೆ ಆತ್ಮಶಕ್ತಿಯ ಕಣಗಳಿಂದ ನಡೆಯುವ ಕವಚ. ಜಪಾನಿನ ಬೃಹತ್ ಯಂತ್ರಮಾನವರ ಕಥೆಗಳಲ್ಲಿ ಮನೆಗಳನ್ನು ಮೀರಿ ನಿಲ್ಲುವ ಯಂತ್ರಗಳೇ ಹೆಚ್ಚು. ಕೋಬು ಹಾಗಲ್ಲ, ಒಬ್ಬಳು ಒಳಗೆ ಕೂತರೆ ಆಚೀಚೆ ಹೆಚ್ಚು ಜಾಗ ಉಳಿಯದಷ್ಟು ಕುಳ್ಳಗಿನ, ದುಂಡನೆಯ ಯಂತ್ರ. ಬೆನ್ನಿನ ಕೊಳವೆಗಳಿಂದ ಉಗಿ ಹೊರಬರುತ್ತದೆ. ಸಕುರಾಳ ಕೋಬು ಚೆರಿ ಹೂವಿನ ನಸುಗೆಂಪು, ಸುಮಿರೆಯದು ನೇರಳೆ, ಮರಿಯಾಳದು ಕಪ್ಪು, ಕನ್ನಾಳದು ಕೆಂಪು. ಕತ್ತಿ ಬಲ್ಲವಳ ಯಂತ್ರ ಕತ್ತಿ ಹಿಡಿಯುತ್ತದೆ, ಉದ್ದ ಹಿಡಿಯ ನಗಿನಾತಾ ಬಲ್ಲವಳ ಯಂತ್ರ ನಗಿನಾತಾ ಹಿಡಿಯುತ್ತದೆ. ‘ಕವಚ’ ಎಂಬ ಮಾತು ಇಲ್ಲಿ ತೂಕವುಳ್ಳದ್ದು. ವಾಹನವನ್ನು ನಾವು ಏರುತ್ತೇವೆ, ಕವಚವನ್ನು ತೊಡುತ್ತೇವೆ. ನಟಿ ವೇಷ ತೊಡುವುದಕ್ಕೂ ಯೋಧೆ ಕೋಬು ತೊಡುವುದಕ್ಕೂ ಇರುವ ನಂಟನ್ನು ಈ ಒಂದು ಪದ ಬಿಗಿಯಾಗಿ ಹಿಡಿದಿಟ್ಟಿದೆ. ಯುದ್ಧ ಗೆದ್ದ ಮೇಲೆ ಅವರೆಲ್ಲ ಸಾಲಾಗಿ ನಿಂತು ‘ಗೆಲುವಿನ ಭಂಗಿ’ ಎಂದು ಕೂಗಿ ಭಂಗಿ ಹಿಡಿಯುತ್ತಾರೆ. ಮಕ್ಕಳ ಆಟದಂತೆ ಕಾಣುವ ಆ ಗಳಿಗೆಯನ್ನು ನೋಡಿದಾಗಲೆಲ್ಲ ನನಗೆ ಕಬುಕಿ ನಟ ಸನ್ನಿವೇಶದ ತುದಿಯಲ್ಲಿ ಅಲುಗಾಡದೆ ನಿಂತುಬಿಡುವ ‘ಮಿಯೆ’ ನೆನಪಾಗುತ್ತದೆ.

ಇನ್ನು ‘ತೈಶೋ’ ಎಂಬ ಪದ. ಜಪಾನಿನಲ್ಲಿ ಪ್ರತಿ ಚಕ್ರವರ್ತಿಯ ಆಳ್ವಿಕೆಗೂ ಒಂದು ಹೆಸರಿಟ್ಟು ವರ್ಷಗಳನ್ನು ಎಣಿಸುತ್ತಾರೆ. ಇತಿಹಾಸದ ತೈಶೋ ಕಾಲ 1912ರ ಜುಲೈ 30ರಂದು ಆರಂಭವಾಗಿ 1926ರ ಡಿಸೆಂಬರ್ 25ರಂದು, ತೈಶೋ 15ರಲ್ಲಿ, ಚಕ್ರವರ್ತಿಯ ಮರಣದೊಂದಿಗೆ ಮುಗಿಯಿತು. ಅದರ ಮೊದಲ ಅಕ್ಷರ ‘ದೊಡ್ಡದು’ ಎಂಬ ಅರ್ಥದ್ದು, ಮೂರೇ ಗೆರೆಗಳದ್ದು. ‘ಸಕುರಾ ತೈಸೆನ್’ ಕಥೆಯಲ್ಲಿ ಅದೇ ಅಕ್ಷರದ ಬುಡದಲ್ಲಿ ಒಂದು ಚುಕ್ಕೆ ಹೆಚ್ಚಾಗಿ ಇರುತ್ತದೆ. ಉಚ್ಚಾರಣೆ ಬದಲಾಗುವುದಿಲ್ಲ, ಅಕ್ಷರ ಬೇರೆಯಾಗುತ್ತದೆ. ಕನ್ನಡದಲ್ಲಿ ‘ಪಲ’ಕ್ಕೂ ‘ಫಲ’ಕ್ಕೂ ಇರುವ ಒಂದು ಸಣ್ಣ ಸೀಳಿನಷ್ಟೇ ಅಂತರ. ಇದು ನಿಮಗೆ ಗೊತ್ತಿರುವ ತೈಶೋ ಅಲ್ಲ ಎಂದು ಆ ಚುಕ್ಕೆ ಮೊದಲೇ ತಿಳಿಸಿಬಿಡುತ್ತದೆ. ಹಾಗೆ ತಿಳಿಸಿದ ಮೇಲೆ ಕಥೆಗಾರರಿಗೆ ಸ್ವಾತಂತ್ರ್ಯ ಸಿಗುತ್ತದೆ. ಊಯೆನೋ ಮತ್ತು ಅಸಕುಸಾ ನಡುವೆ ಟೋಕಿಯೋದ ಮೊದಲ ಸುರಂಗ ರೈಲು ಓಡಿದ್ದು 1927ರ ಡಿಸೆಂಬರ್ 30ರಂದು, 2.2 ಕಿಲೋಮೀಟರ್ ದೂರ. ಕಥೆಯ 1923ರಲ್ಲೇ ಕೋಬುಗಳನ್ನು ಹೊತ್ತ ರೈಲು ನಗರದ ಅಡಿಯಲ್ಲಿ ಗುಡುಗುತ್ತಾ ಸಾಗುತ್ತದೆ.

ಈ ಚುಕ್ಕೆಯ ಹಿಂದೆ ಇನ್ನೊಂದು ಪದವಿದೆ, ‘ತೈಶೋ ರೋಮನ್’, ಅಂದರೆ ತೈಶೋ ಕಾಲದ ರಮ್ಯತೆ. ಆ ಕಾಲವನ್ನು ಹಿಂದಿರುಗಿ ನೋಡುವವರು ಅದಕ್ಕೆ ಕೊಟ್ಟ ಹೆಸರಿದು. ಕಿಮೋನೋ ಮೇಲೆ ನೆರಿಗೆಯ ಹಕಮಾ ಉಟ್ಟು, ಕಾಲಿಗೆ ಪಾಶ್ಚಾತ್ಯ ಬೂಟು ಹಾಕಿ, ಮುಡಿಗೆ ದೊಡ್ಡ ರಿಬ್ಬನ್ ಕಟ್ಟಿಕೊಂಡ ವಿದ್ಯಾರ್ಥಿನಿ; ಇಟ್ಟಿಗೆಯ ಕಟ್ಟಡಗಳು, ಟ್ರಾಮು, ಕಾಫಿ ಅಂಗಡಿ; ತಕೆಹಿಸಾ ಯುಮೆಜಿ ಬರೆದ ಅರೆಗಣ್ಣಿನ ತೆಳು ಮೈಯ ಹೆಂಗಳೆಯರ ಚಿತ್ರಗಳು. ಹಳತೂ ಹೊಸತೂ ಒಂದೇ ಮೈಮೇಲೆ ಕೂಡಿದ ಆ ಸೊಗಸಿನ ನೆನಪೇ ತೈಶೋ ರೋಮನ್. ಸಕುರಾಳ ಉಡುಪನ್ನು ನೋಡಿದರೆ ಈ ಪದದ ಅರ್ಥ ಅರ್ಧಕ್ಕಿಂತ ಹೆಚ್ಚು ತಿಳಿದುಬಿಡುತ್ತದೆ.

ಆದರೆ ನೆನಪು ಆರಿಸಿಕೊಳ್ಳುತ್ತದೆ, ಆರಿಸದೆ ಬಿಟ್ಟದ್ದನ್ನೂ ನಾವು ತಿಳಿದಿರಬೇಕು. ಅದೇ ತೈಶೋ ಕಾಲದಲ್ಲಿ, 1918ರಲ್ಲಿ, ಅಕ್ಕಿಯ ಬೆಲೆ ಏರಿ ದೇಶದುದ್ದಕ್ಕೂ ದಂಗೆಗಳಾದವು. 1910ರಲ್ಲಿ ವಶಪಡಿಸಿಕೊಂಡ ಕೊರಿಯಾದಲ್ಲಿ 1919ರ ಸ್ವಾತಂತ್ರ್ಯ ಚಳವಳಿಯನ್ನು ಬಲಪ್ರಯೋಗದಿಂದ ಅಡಗಿಸಲಾಯಿತು. ಕಥೆ ಆರಿಸಿಕೊಂಡ 1923ರಲ್ಲೇ, ಸೆಪ್ಟೆಂಬರ್ 1ರ ಮಧ್ಯಾಹ್ನದ ಅಡುಗೆ ಒಲೆಗಳು ಉರಿಯುತ್ತಿದ್ದ ಹೊತ್ತಿನಲ್ಲಿ, ಕಾಂಟೋ ಮಹಾಭೂಕಂಪವಾಗಿ ಬೆಂಕಿ ಹಬ್ಬಿ ಸುಮಾರು 1,05,000 ಜನ ಸತ್ತರು. ಬಾವಿಗೆ ವಿಷ ಹಾಕಿದರೆಂಬ ಸುಳ್ಳು ಸುದ್ದಿ ನಂಬಿದ ಗುಂಪುಗಳು ಕೊರಿಯನ್ನರನ್ನು ಹುಡುಕಿ ಕೊಂದವು. ನಿಜವಾದ ಸಾಮ್ರಾಜ್ಯ ರಂಗಮಂದಿರದ ಒಳಭಾಗ ಆ ಬೆಂಕಿಗೆ ಸಿಕ್ಕಿ, ಮರುವರ್ಷ ಮತ್ತೆ ತೆರೆಯಿತು. ಹೆಂಗಸರ ಸ್ಥಿತಿಯನ್ನೂ ನೋಡಬೇಕು. ಸಾವಿರ ಕಣ್ಣುಗಳೆದುರು ರಂಗದ ಮೇಲೆ ನಿಂತು ಚಪ್ಪಾಳೆ ಗಿಟ್ಟಿಸುತ್ತಿದ್ದ ನಟಿ ಒಂದು ರಾಜಕೀಯ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಲೂ 1922ರವರೆಗೆ ಕಾನೂನು ಬಿಡುತ್ತಿರಲಿಲ್ಲ. 1925ರಲ್ಲಿ ಮತದಾನದ ಹಕ್ಕು ವಿಸ್ತಾರವಾದದ್ದು ಗಂಡಸರಿಗೆ ಮಾತ್ರ. ಹೆಂಗಸರು ಮತ ಹಾಕಿದ್ದು ಯುದ್ಧ ಸೋತ ಮೇಲೆ, 1946ರ ಏಪ್ರಿಲಿನಲ್ಲಿ. ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ, ನಗರದ ರಕ್ಷಣೆಯ ಹೊಣೆಯನ್ನು ಹೆಣ್ಣುಮಕ್ಕಳ ಕೈಗೆ ಕೊಟ್ಟ ಕಥೆ ಆ ಕಾಲ ಕೊಡದಿದ್ದ ಒಂದು ಜಾಗವನ್ನು ಅವರಿಗೆ ಕೊಟ್ಟಿತು ಎಂದು ನಾನು ತಿಳಿಯುತ್ತೇನೆ. ಆದರೂ ದಳಪತಿಯ ಸ್ಥಾನದಲ್ಲಿ ಒಬ್ಬ ಗಂಡಸು ಕೂತಿರುವುದನ್ನು ಮರೆಯಲಾಗದು.

ಶೀರ್ಷಿಕೆಯ ‘ತೈಸೆನ್’ ಪದಕ್ಕೆ ಮಹಾಯುದ್ಧ ಎಂದು ಅರ್ಥ. ಎರಡು ಜಾಗತಿಕ ಯುದ್ಧಗಳಿಗೂ ಜಪಾನೀಯರು ಬಳಸುವುದು ಇದೇ ಪದವನ್ನು. 2019ರ ಡಿಸೆಂಬರಿನಲ್ಲಿ ಬಂದ ಹೊಸ ಗೇಮ್ ಮತ್ತು ಅದರ ಮುಂದುವರಿಕೆಯಾಗಿ 2020ರಲ್ಲಿ ಬಂದ ಅನಿಮೆ ಸರಣಿ ಈ ಪದವನ್ನು ಎಲ್ಲಿಗೆ ಒಯ್ದವೆಂಬುದು ಗಮನಾರ್ಹವಾಗಿದೆ. ಚುಕ್ಕೆಯ ತೈಶೋ ಹದಿನೈದಕ್ಕೆ ನಿಲ್ಲಲಿಲ್ಲ. ಹೊಸ ಗೇಮಿನ ಕಥೆ ನಡೆಯುವುದು ತೈಶೋ 29ರಲ್ಲಿ, ಅಂದರೆ 1940ರಲ್ಲಿ. ಆ ವರ್ಷ ಟೋಕಿಯೋದಲ್ಲಿ ಜಗತ್ತಿನ ಕಗೆಕಿದನ್‌ಗಳ ಪಂದ್ಯಾವಳಿ ನಡೆಯುತ್ತದೆ, ‘ತೈಸೆನ್’ ಎಂಬುದು ಆ ಪಂದ್ಯಾವಳಿಯ ಹೆಸರಿಗೆ ಸೇರಿಕೊಂಡಿದೆ. ಶಾಂಘೈ, ಲಂಡನ್, ಬರ್ಲಿನ್ ನಗರಗಳ ತಂಡಗಳು ಅಲ್ಲಿಗೆ ಬಂದಿಳಿಯುತ್ತವೆ. ಇತಿಹಾಸದ 1940ರಲ್ಲಿ ಟೋಕಿಯೋದಲ್ಲಿ ನಡೆಯಬೇಕಿದ್ದ ಒಲಿಂಪಿಕ್ಸನ್ನು ಚೀನಾದ ಮೇಲಿನ ಯುದ್ಧದ ನಡುವೆ ಜಪಾನ್ ಎರಡು ವರ್ಷ ಮೊದಲೇ ಕೈಬಿಟ್ಟಿತ್ತು. ವಿದೇಶೀ ವಸಾಹತುಗಳನ್ನು ಬಿಟ್ಟು ಶಾಂಘೈನ ಉಳಿದ ಭಾಗ ಜಪಾನೀ ಸೇನೆಯ ಹಿಡಿತದಲ್ಲಿತ್ತು. ಬರ್ಲಿನ್‌ನಿಂದ ಬಂದ ಆಜ್ಞೆಯಂತೆ ವಿಮಾನಗಳು ಲಂಡನ್ ಮೇಲೆ ಬಾಂಬು ಸುರಿಸುತ್ತಿದ್ದವು. ಮೂರು ನಗರಗಳ ಹೆಸರನ್ನು ಆ ವರ್ಷದ ಪಕ್ಕದಲ್ಲಿ ಓದಿದಾಗ ನನಗೆ ಬಹಳ ಹೊತ್ತು ಮುಂದೆ ಹೋಗಲಾಗಲಿಲ್ಲ.

ಮೊದಲ ಗೇಮ್ ಬಂದ ಮರುವರ್ಷ, 1997ರಲ್ಲಿ, ಪಾತ್ರಗಳಿಗೆ ಧ್ವನಿ ಕೊಟ್ಟ ಕಲಾವಿದೆಯರು ಅದೇ ಪಾತ್ರಗಳ ವೇಷ ತೊಟ್ಟು ನಿಜವಾದ ರಂಗದ ಮೇಲೆ ಬಂದರು. ಸಕುರಾಳ ಧ್ವನಿಯಾದ ಯೊಕೊಯಾಮಾ ಚಿಸಾ ಹಕಮಾ ಉಟ್ಟು ಪ್ರೇಕ್ಷಕರ ಎದುರು ನಿಂತರು, ತನಕಾ ಕೋಹೆಯಿ ಸಂಗೀತ ಸಂಯೋಜಿಸಿದ ಹಾಡುಗಳನ್ನು ಅವರೆಲ್ಲ ಕೂಡಿ ಹಾಡಿದರು. ವರ್ಷಗಳ ಕಾಲ ಮುಂದುವರಿದ ಈ ಪ್ರದರ್ಶನಗಳಲ್ಲಿ ದಾಳಿಯ ‘ಗೆಕಿ’ ಮತ್ತೆ ನಾಟಕದ ‘ಗೆಕಿ’ಯಾಯಿತು, ಹೂವಿನ ‘ಕ’ ಮತ್ತೆ ಹಾಡಿನ ‘ಕ’ ಆಯಿತು.