ನಿಧಾನವಾಗಿ ಓಡುವವರು ರಿಲೇ ತಂಡಕ್ಕೆ ಸೇರಬಹುದಾ?

ಪ್ರಶ್ನೆ: ನಮ್ಮ ಬಡಾವಣೆಯ ರನ್ನಿಂಗ್ ಕ್ಲಬ್‌ನವರು ಮ್ಯಾರಥಾನ್ ರಿಲೇಗೆ ಆರು ಜನರ ತಂಡ ಕಟ್ಟುತ್ತಿದ್ದಾರೆ. ಒಂದು ಜಾಗ ಖಾಲಿ ಇದೆ, ನೀವೂ ಬನ್ನಿ ಅಂತ ನನ್ನನ್ನು ಕರೆದಿದ್ದಾರೆ. ಉಳಿದವರೆಲ್ಲ ಕಿಲೋಮೀಟರಿಗೆ ಆರೂವರೆ ನಿಮಿಷದಲ್ಲಿ ಓಡುತ್ತಾರೆ. ನನಗೆ ಎಂಟು ನಿಮಿಷ ಬೇಕು. ನನ್ನಿಂದ ತಂಡಕ್ಕೆ ತೊಂದರೆ ಆಗುತ್ತೆ ಅಲ್ವಾ?

ಉತ್ತರ: ಧೈರ್ಯವಾಗಿ ಸೇರಿಕೊಳ್ಳಿ. ಕ್ಲಬ್‌ನಲ್ಲಿ ರಿಲೇ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. ಕೇಳಿದವರಲ್ಲಿ ಎಷ್ಟೋ ಜನ ಆಮೇಲೆ ಸುಮ್ನೆ ಹಿಂದೆ ಸರಿದುಬಿಡುತ್ತಾರೆ. ಅದು ನನಗೆ ಬೇಸರ ತರುವ ವಿಷಯ. ಯಾಕಂದ್ರೆ ಲೆಕ್ಕ ಅವರ ಕಡೆಗೇ ಇರುತ್ತದೆ.

ಈ ಭಯ ಎಲ್ಲಿಂದ ಬರುತ್ತದೆ ಅಂತ ಗೊತ್ತು. ರಿಲೇ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸ್ಟೇಡಿಯಂ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಉಡುಪಿ ಕಡೆಯ ಅಶ್ವಿನಿ ಅಕ್ಕುಂಜಿ ಇದ್ದ 4x400 ಮೀಟರ್ ರಿಲೇ ತಂಡ ಚಿನ್ನ ಗೆದ್ದಿತು. 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಎಂ.ಆರ್. ಪೂವಮ್ಮ ಇದ್ದ ತಂಡಗಳು ಗೆದ್ದವು. ಅಂಥ ಓಟದಲ್ಲಿ ಒಬ್ಬರು ಒಂದು ಸೆಕೆಂಡ್ ತಡ ಮಾಡಿದರೂ ಪದಕದ ಬಣ್ಣ ಬದಲಾಗಬಹುದು. ಕ್ಲಬ್‌ಗಳು ಓಡುವ ರಿಲೇ ನಡೆಯುವುದು ರಸ್ತೆ ಮೇಲೆ, ಗಂಟೆಗಳ ಲೆಕ್ಕದಲ್ಲಿ.

ಜಪಾನಿನಲ್ಲಿ ಇಂಥ ರಸ್ತೆ ರಿಲೇಗೆ ಎಕಿಡೆನ್ ಅಂತಾರೆ. ಮೊದಲ ಎಕಿಡೆನ್ ನಡೆದದ್ದು 1917ರಲ್ಲಿ, ಕ್ಯೋಟೋದಿಂದ ಟೋಕಿಯೋವರೆಗೆ, 500 ಕಿಲೋಮೀಟರಿಗೂ ಜಾಸ್ತಿ ದೂರ. ಈಗ ಮ್ಯಾರಥಾನ್ ದೂರದ ಎಕಿಡೆನ್‌ನಲ್ಲಿ 42.195 ಕಿ.ಮೀ.ಯನ್ನು ಆರು ಜನ ಹೀಗೆ ಹಂಚಿಕೊಳ್ಳುವುದು ರೂಢಿ: 5, 10, 5, 10, 5, ಕೊನೆಗೆ 7.195. ನಿಮ್ಮ ತಂಡದಲ್ಲೂ ಹಾಗೇ ಹಂಚಿ ನಿಮಗೆ 5 ಕಿ.ಮೀ. ಬಂತು ಅಂದುಕೊಳ್ಳಿ. ಬೇರೆಯವರಿಗಿಂತ ನಿಮಗೆ ಕಿಲೋಮೀಟರಿಗೆ ಒಂದೂವರೆ ನಿಮಿಷ ಜಾಸ್ತಿ ಹಿಡಿಯುತ್ತದೆ. ಐದಕ್ಕೆ ಏಳೂವರೆ ನಿಮಿಷ. ನೀವಿಲ್ಲದೆ 4 ಗಂಟೆ 34 ನಿಮಿಷಕ್ಕೆ ಮುಗಿಯಬಹುದಾಗಿದ್ದ ಓಟ ನೀವಿದ್ದರೆ 4 ಗಂಟೆ 42 ನಿಮಿಷದೊಳಗೆ ಮುಗಿಯುತ್ತದೆ. ಅಷ್ಟೇ.

ಈಗ ಬೇರೆ ಯಾವುದೋ ತಂಡದ ಜೋರು ಓಟಗಾರನನ್ನು ನೋಡೋಣ. ಅವನದು 10 ಕಿ.ಮೀ. ಲೆಗ್ (ಅಂದರೆ ಅವನ ಪಾಲಿನ ಓಟ), ಕಿಲೋಮೀಟರಿಗೆ 5 ನಿಮಿಷ ಅಂತ ಕ್ಯಾಪ್ಟನ್ ಬರೆದುಕೊಂಡಿದ್ದಾರೆ. ಬ್ಯಾಟನ್ ಕೈಗೆ ಬಂದ ಉತ್ಸಾಹಕ್ಕೆ ಮೊದಲ ಮೂರು ಕಿಲೋಮೀಟರನ್ನು 4 ನಿಮಿಷ 20 ಸೆಕೆಂಡಿನಂತೆ ಹೊಡೆಯುತ್ತಾನೆ. ಎರಡು ನಿಮಿಷ ಉಳಿತು. ಆಮೇಲಿನ ಐದು ಕಿಲೋಮೀಟರಿನಲ್ಲಿ ಉಸಿರು ಕಟ್ಟಿ ವೇಗ ಐದೂವರೆ ನಿಮಿಷಕ್ಕೆ ಇಳಿಯುತ್ತದೆ. ಕೊನೆಯ ಎರಡು ಕಿಲೋಮೀಟರನ್ನು ಕಿಲೋಮೀಟರಿಗೆ ಹತ್ತು ನಿಮಿಷದಂತೆ ನಡೆದುಕೊಂಡು ಬರುತ್ತಾನೆ. ಕೂಡಿ ಕಳೆದರೆ ಹತ್ತೂವರೆ ನಿಮಿಷ ನಷ್ಟ. ಮುಂದಿನವರು ಅಲ್ಲಿ ಕತ್ತು ಚಾಚಿಕೊಂಡು ಕಾಯುತ್ತಾ ನಿಂತಿರುತ್ತಾರೆ. ಹುಡುಗ ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ವ್ಯತ್ಯಾಸ ಇರುವುದು ಇಲ್ಲೇ. ನಿಮ್ಮ ಏಳೂವರೆ ನಿಮಿಷ ಮೊದಲೇ ಗೊತ್ತಿರುವಂಥದ್ದು. ಕ್ಯಾಪ್ಟನ್ ಅದನ್ನು ಲೆಕ್ಕಕ್ಕೆ ಹಿಡಿದೇ ತಂಡ ಕಟ್ಟಬಹುದು. ಹೇಳಿದ ಸಮಯಕ್ಕೆ ಬರದೇ ಇರುವವರಿಂದ ತಂಡಕ್ಕೆ ಕಷ್ಟ, ಅವರು ಎಷ್ಟೇ ಜೋರಾಗಿ ಓಡಲಿ.

ಹಾಗಾಗಿ ನಿಮ್ಮ ಮೊದಲ ಕೆಲಸ ನಿಜವಾದ ಸಮಯ ಹೇಳುವುದು. ಎರಡು ವರ್ಷದ ಹಿಂದೆ ತಂಪು ಹೊತ್ತಿನಲ್ಲಿ ಓಡಿದ ಒಳ್ಳೆಯ ಟೈಮಿಂಗ್ ಬೇಡ. ಈ ತಿಂಗಳು ಒಂದು ಭಾನುವಾರ 5 ಕಿ.ಮೀ. ಒಂದೇ ಹದದಲ್ಲಿ ಓಡಿ, ಬಂದ ಸಮಯವನ್ನೇ ಕೊಡಿ. ಸಂಕೋಚಕ್ಕೆ ಒಂದು ನಿಮಿಷ ಕಡಿಮೆ ಹೇಳಬೇಡಿ, ತಂಡವನ್ನು ಕೆಡಿಸುವುದು ಆ ಒಂದು ನಿಮಿಷವೇ. ಓಟದ ದಿನ ಮೊದಲ ಕಿಲೋಮೀಟರನ್ನು ನಿಮ್ಮ ಮಾಮೂಲಿ ವೇಗಕ್ಕಿಂತ ಹತ್ತು ಸೆಕೆಂಡ್ ನಿಧಾನವಾಗಿ ಶುರು ಮಾಡಿ. ಹೊರಟ ತಕ್ಷಣ ಸುತ್ತಲಿನವರ ಜೊತೆ ಕಾಲು ತಾನಾಗೇ ಓಡತೊಡಗುತ್ತದೆ, ಅದನ್ನು ತಡೆಯಬೇಕು.

ಯಾವ ಲೆಗ್ ಕೇಳಬೇಕು? ಬೆಂಗಳೂರು, ಮೈಸೂರಿನ ಓಟವಾದರೆ ಬೆಳಗಿನದನ್ನೇ ಕೇಳಿ. ಆರು ಗಂಟೆಗೆ ಶುರುವಾದ ರಿಲೇಯಲ್ಲಿ ಕೊನೆಯ ಲೆಗ್ ಬರುವಷ್ಟರಲ್ಲಿ ಹತ್ತು ಗಂಟೆ ಹತ್ತಿರ ಆಗಿರುತ್ತದೆ, ಬಿಸಿಲು ಏರಿರುತ್ತದೆ. ನಿಧಾನವಾಗಿ ಓಡುವವರು ಅದೇ ದೂರಕ್ಕೆ ಬಿಸಿಲಲ್ಲಿ ಜಾಸ್ತಿ ಹೊತ್ತು ಇರಬೇಕಾಗುತ್ತದೆ. ‘ಜೋರು ಓಟಗಾರರು ಮೊದಲು’ ಅನ್ನುವ ಅಭ್ಯಾಸ ಎಷ್ಟೋ ಕ್ಲಬ್‌ಗಳಲ್ಲಿದೆ. ನಮ್ಮ ಹವೆಗೆ ಅದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವರನ್ನು ಕೊನೆಗೆ ಇಡಿ, ಬೇಗ ಮುಗಿಸಿ ನೆರಳಿಗೆ ಬರುತ್ತಾರೆ.

ಇನ್ನು ಬ್ಯಾಟನ್ ಬದಲಾಯಿಸುವ ಜಾಗ. ಇದಕ್ಕೆ ಯಾರೂ ಅಭ್ಯಾಸ ಮಾಡುವುದಿಲ್ಲ, ನಿಮಿಷಗಳು ಹೋಗುವುದು ಇಲ್ಲೇ. ಎಕಿಡೆನ್‌ನಲ್ಲಿ ಬ್ಯಾಟನ್ ಬದಲು ತಸುಕಿ ಅನ್ನುವ ಬಟ್ಟೆಪಟ್ಟಿ ಇರುತ್ತದೆ. ಹೆಗಲಿಂದ ಸೊಂಟಕ್ಕೆ ಅಡ್ಡಲಾಗಿ ಹಾಕಿಕೊಂಡು ಓಡುತ್ತಾರೆ. ಮುಂದಿನವರು ಕಣ್ಣಿಗೆ ಬಿದ್ದ ಮೇಲೆ ಅದನ್ನು ತೆಗೆದು, ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದುಕೊಂಡು ಬರುತ್ತಾರೆ. ತೆಗೆದುಕೊಳ್ಳುವವರು ಅದನ್ನು ಹಿಡಿದು, ಓಡುತ್ತಲೇ ತಲೆ ಮೇಲಿಂದ ಹಾಕಿಕೊಳ್ಳುತ್ತಾರೆ. ನಿಲ್ಲುವ ಮಾತೇ ಇಲ್ಲ. ನಮ್ಮಲ್ಲಿ ಬ್ಯಾಟನ್ ಇರಲಿ, ಸಮಯ ಅಳೆಯುವ ಚಿಪ್ ಇರುವ ಬೆಲ್ಟ್ ಇರಲಿ, ಭಾನುವಾರ ವಾಹನ ಇಲ್ಲದ ಕಬ್ಬನ್ ಪಾರ್ಕಿನ ರಸ್ತೆಯಲ್ಲಿ ಇದನ್ನು ಅಭ್ಯಾಸ ಮಾಡಬಹುದು. ಬೆಲ್ಟ್ ಆದರೆ ಇನ್ನೂ ಮುಖ್ಯ. ಬೆವರಿದ ಕೈಯಲ್ಲಿ ಬಕಲ್ ಬಿಚ್ಚುವುದು ಸುಲಭವಲ್ಲ. ಓಡಿ ಬರುವವರು ಕೊನೆಯ ಕೆಲವು ಹೆಜ್ಜೆಗಳಲ್ಲೇ ಅದನ್ನು ಬಿಚ್ಚಿಟ್ಟುಕೊಂಡಿರಬೇಕು.

ನಿಮ್ಮ ಸರದಿಗೆ ಇಪ್ಪತ್ತು ನಿಮಿಷ ಇರುವಾಗ ಎದ್ದು ನಡೆದಾಡಿ, ಹತ್ತು ನಿಮಿಷ ಇರುವಾಗ ಮೆಲ್ಲಗೆ ಓಡಿ ಮೈ ಬಿಸಿ ಮಾಡಿಕೊಳ್ಳಿ. ಶೌಚಾಲಯದ ಕ್ಯೂಗೆ ಅದಕ್ಕೂ ಮೊದಲೇ ಹೋಗಿ ಬನ್ನಿ. ಇಡ್ಲಿ ತಿನ್ನುವುದಿದ್ದರೆ ಓಟಕ್ಕೆ ಎರಡು ಗಂಟೆ ಮೊದಲೇ ತಿಂದುಬಿಡಿ. ಆಮೇಲೆ ಒಂದು ಬಾಳೆಹಣ್ಣು ಸಾಕು.

ನಿಧಾನ ಓಟ ನಿಜವಾಗಿ ಅಡ್ಡಿಯಾಗುವ ಸಂದರ್ಭವೂ ಒಂದಿದೆ: ಕಟ್-ಆಫ್, ಅಂದರೆ ಇಷ್ಟು ಹೊತ್ತಿನೊಳಗೆ ಬರಲೇಬೇಕು ಅನ್ನುವ ಗಡುವು. ಟೋಕಿಯೋ ಮತ್ತು ಹಕೋನೆ ನಡುವೆ ಪ್ರತಿ ಜನವರಿ 2 ಮತ್ತು 3ರಂದು ನಡೆಯುವ ವಿಶ್ವವಿದ್ಯಾಲಯಗಳ ಎಕಿಡೆನ್‌ನಲ್ಲಿ ಹಿಂತಿರುಗುವ ದಾರಿಯ ಬದಲಿ ಜಾಗಗಳಲ್ಲಿ ಮೊದಲ ತಂಡಕ್ಕಿಂತ 20 ನಿಮಿಷ ಹಿಂದೆ ಬಿದ್ದರೆ ಮುಂದಿನ ಓಟಗಾರನನ್ನು ಕಾಯಿಸದೆ ಹೊರಡಿಸಿಬಿಡುತ್ತಾರೆ. ತಮ್ಮ ತಸುಕಿ ಕೈ ಸೇರದೆ ಅಳುತ್ತಾ ಹೊರಡುವ ಹುಡುಗರಿದ್ದಾರೆ. ನಿಮ್ಮ ಓಟದಲ್ಲೂ ಇಂಥ ನಿಯಮ ಇದೆಯಾ, ಇದ್ದರೆ ಒಟ್ಟು ಓಟಕ್ಕಾ ಅಥವಾ ಪ್ರತಿ ಲೆಗ್‌ಗಾ ಅಂತ ಕೇಳಿ ತಿಳಿದುಕೊಳ್ಳಿ. ಒಟ್ಟು ಓಟಕ್ಕೆ 6 ಗಂಟೆ ಕೊಟ್ಟಿದ್ದರೆ ನಿಮಗೆ ಚಿಂತೆಯೇ ಬೇಡ. ಪ್ರತಿ ಲೆಗ್‌ಗೆ ಬೇರೆ ಕಟ್-ಆಫ್ ಇದ್ದರೆ ನಿಮ್ಮ ನಲವತ್ತು ನಿಮಿಷವನ್ನು ಅದರ ಪಕ್ಕ ಇಟ್ಟು ನೋಡಿ.

ಕ್ಲಬ್ ಪದಕಕ್ಕೆ ಅಂತಲೇ ಓಡುವುದಾದರೆ ಅದನ್ನೂ ಮುಂಚೆ ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು. ಜನ ಇದ್ದರೆ ಎರಡು ತಂಡ ಮಾಡಬಹುದು. ಆದರೆ ಕರೆದವರು ಅವರೇ, ನಿಮ್ಮ ವೇಗ ಗೊತ್ತಿದ್ದೇ ಕರೆದಿದ್ದಾರೆ. ಖಾಲಿ ಜಾಗಕ್ಕೆ ಯಾರೂ ಸಿಗದಿದ್ದರೆ ಈಗಾಗಲೇ 10 ಕಿ.ಮೀ. ಓಡಿ ದಣಿದವರು ಬಿಸಿಲಲ್ಲಿ ಮತ್ತೆ 5 ಕಿ.ಮೀ. ಓಡಬೇಕು, ಇಲ್ಲವೇ ಇಡೀ ತಂಡ ಹೆಸರು ವಾಪಸ್ ತೆಗೆದುಕೊಳ್ಳಬೇಕು.

ಇವತ್ತೇ ಕ್ಯಾಪ್ಟನ್‌ಗೆ ಮೆಸೇಜ್ ಹಾಕಿ: ‘5 ಕಿ.ಮೀ. ಲೆಗ್ ಓಡುತ್ತೇನೆ, 40 ನಿಮಿಷ ಬೇಕು, ಹೆಚ್ಚೆಂದರೆ 42. ಆದಷ್ಟು ಮುಂಚಿನ ಲೆಗ್ ಕೊಡಿ. ಬದಲಿ ಅಭ್ಯಾಸ ಯಾವತ್ತು ಇಟ್ಟುಕೊಳ್ಳೋಣ?’